ದೂರದ ವೈದ್ಯರು, ಹತ್ತಿರದ ಕಾರ್ಯಕರ್ತೆ

(ಯಲಹಂಕದ ಸುತ್ತಲಿನ ಗ್ರಾಮಗಳ ದಂಪತಿಗಳ ಸಭೆಯಲ್ಲಿ, ಆರೋಗ್ಯ ಕಾರ್ಯಕರ್ತೆಯರ ತರಬೇತುದಾರರೊಬ್ಬರು ಮಾಡಿದ ಭಾಷಣ)



ಹೊಲದ ಕೆಲಸವನ್ನು ಬದಿಗಿಟ್ಟು, ಕೈಗೂಸುಗಳನ್ನು ಎತ್ತಿಕೊಂಡು, ಗಂಡಹೆಂಡಿರಿಬ್ಬರೂ ಜೊತೆಯಾಗಿ ಈ ಸಭೆಗೆ ಬಂದಿರುವಿರಿ. ಇದೊಂದು ಶುಭಲಕ್ಷಣ. ಕುಟುಂಬದ ಕ್ಷೇಮವು ಹೆಂಗಸರಿಗೆ ಮಾತ್ರ ಸಂಬಂಧಿಸಿದ ವಿಷಯವೆಂಬ ತಪ್ಪು ತಿಳಿವಳಿಕೆ ನಮ್ಮಲ್ಲಿ ಬಹುಕಾಲದಿಂದ ಬೇರೂರಿದೆ. ಬಂಡಿಗೆ ಎರಡು ಚಕ್ರಗಳಿದ್ದಂತೆ ಸಂಸಾರಕ್ಕೂ ಇಬ್ಬರ ಹೊಣೆ ಸಮನಾಗಿರಬೇಕು. ಆದಕಾರಣ ನಾನು ಇಂದು ಆಡುವ ಮಾತುಗಳನ್ನು ಇಬ್ಬರೂ ಕೇಳಬೇಕೆಂದು ಮೊದಲಿಗೇ ಪ್ರಾರ್ಥಿಸುತ್ತೇನೆ.

ದೂರದಲ್ಲಿರುವ ವೈದ್ಯರ ಸಲಹೆಯನ್ನು ದೂರವಾಣಿ ಹಾಗೂ ದೃಶ್ಯಯಂತ್ರಗಳ ಮೂಲಕ ಪಡೆಯುವ ಪದ್ಧತಿಗೆ ದೂರವೈದ್ಯ ಎಂದು ಹೆಸರು. ಟೆಲಿಮೆಡಿಸಿನ್ ಎಂಬ ಮಾತನ್ನೂ ನೀವು ಕೇಳಿರಬಹುದು. ಇದನ್ನು ಅರಿತು ಬಳಸುವಂತೆ ನಮ್ಮ ಆಶಾ ಕಾರ್ಯಕರ್ತೆಯರಿಗೆ, ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿಗಳಿಗೆ ಮತ್ತು ಸಮುದಾಯ ಆರೋಗ್ಯ ಅಧಿಕಾರಿಗಳಿಗೆ ತರಬೇತಿ ನೀಡುವುದೇ ನನ್ನ ಕೆಲಸ. ಕಾರ್ಯಕರ್ತೆಯರ ತರಬೇತಿಯ ವಿಚಾರವನ್ನು ನಮಗೇಕೆ ಹೇಳುತ್ತೀರಿ ಎಂದು ನೀವು ಕೇಳಬಹುದು. ಕಾರ್ಯಕರ್ತೆಯು ಕಲಿತ ವಿದ್ಯೆ ಅರ್ಧ ಮಾತ್ರ. ಅದನ್ನು ಮನೆಯವರು ನಂಬಿ ಬಳಸಿದಾಗಲೇ ಅದು ಪೂರ್ಣವಾಗುತ್ತದೆ. ಆಕೆ ಏನನ್ನು ಕಲಿತಿದ್ದಾಳೆಂಬುದು ನಿಮಗೆ ತಿಳಿದಿದ್ದರೆ, ಅದನ್ನು ಕೇಳಿ ಪಡೆಯುವ ಹಕ್ಕು ನಿಮ್ಮದಾಗುತ್ತದೆ.

ದೂರವೆಂದರೇನು?

ನಮ್ಮ ಈ ಪ್ರದೇಶವನ್ನೇ ನೋಡೋಣ. ಬೆಂಗಳೂರು ಕೂಗಳತೆಯಲ್ಲಿದೆ. ಬಳ್ಳಾರಿ ರಸ್ತೆಯಲ್ಲಿ ಹೋದರೆ ಹೆಬ್ಬಾಳದ ಬಳಿ ದೊಡ್ಡ ಆಸ್ಪತ್ರೆಗಳು ಸಿಗುತ್ತವೆ. ಯಶವಂತಪುರದ ಕಡೆಗೆ ತಿರುಗಿದರೂ ಹಾಗೆಯೇ. ಇಷ್ಟು ಹತ್ತಿರವಿರುವಾಗ ದೂರವೈದ್ಯದ ಅಗತ್ಯವಾದರೂ ಏನು ಎಂಬ ಪ್ರಶ್ನೆ ಸಹಜವೇ ಆಗಿದೆ.

ಆದರೆ ದೂರವನ್ನು ಮೈಲಿಗಲ್ಲಿನಿಂದ ಮಾತ್ರ ಅಳೆಯಲಾಗದು. ರಾಜಾನುಕುಂಟೆಯ ಆಚೆಯ ಒಂದು ಹಳ್ಳಿಯ ತಾಯಿ ತನ್ನ ಮಗುವಿನ ಮೈಮೇಲೆದ್ದ ಗುಳ್ಳೆಗಳನ್ನು ಚರ್ಮವೈದ್ಯರಿಗೆ ತೋರಿಸಬೇಕಾದರೆ ಏನೇನು ಆಗಬೇಕು? ಗಂಡನು ಒಂದು ದಿನದ ಕೂಲಿಯನ್ನು ಬಿಡಬೇಕು. ಹಸುವಿಗೆ ಹುಲ್ಲು ಹಾಕಲು ನೆರೆಮನೆಯವರನ್ನು ಬೇಡಿಕೊಳ್ಳಬೇಕು. ಎರಡು ಬಸ್ಸು ಬದಲಾಯಿಸಿ, ಸರದಿಯಲ್ಲಿ ನಿಂತು, ವೈದ್ಯರ ಮುಂದೆ ಐದು ನಿಮಿಷ ಕುಳಿತು, ಕತ್ತಲಾದ ಮೇಲೆ ಮನೆ ಸೇರಬೇಕು. ಇಷ್ಟಾದರೆ ಮುಂದಿನ ತಪಾಸಣೆಗೆ ಆಕೆ ಹೋಗುವಳೇ? ಹೋಗಲಾರಳು. ‘ವಾಸಿಯಾದೀತು, ನೋಡೋಣ’ ಎಂದು ಸುಮ್ಮನಾಗುತ್ತಾಳೆ. ಈ ‘ನೋಡೋಣ’ ಎಂಬ ಮಾತಿನಲ್ಲಿಯೇ ಎಷ್ಟೋ ರೋಗಗಳು ಬಲಿಯುತ್ತವೆ. ಕೂಲಿ, ಸಮಯ ಮತ್ತು ಸಂಕೋಚ, ಈ ಮೂರೂ ಸೇರಿ ಆಗುವ ದೂರವೇ ನಿಜವಾದ ದೂರ.

ಹೆಸರಘಟ್ಟದ ಕೆರೆಯನ್ನು ನೀವೆಲ್ಲರೂ ಬಲ್ಲಿರಿ. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ ಆ ಕೆರೆಯ ನೀರನ್ನು ಕೊಳವೆಗಳ ಮೂಲಕ ಬೆಂಗಳೂರು ನಗರಕ್ಕೆ ಒಯ್ಯಲಾಯಿತು. ಅಂದು ಹಳ್ಳಿಯ ನೀರು ಪಟ್ಟಣದ ದಾಹವನ್ನು ತಣಿಸಿತು. ಇಂದು ಪಟ್ಟಣದ ತಜ್ಞರ ಅರಿವು ಹಳ್ಳಿಗೆ ಹರಿದು ಬರಬೇಕಾಗಿದೆ. ಆದರೆ ಕೊಳವೆಯಿದ್ದರೆ ಸಾಲದು, ಕೊನೆಯಲ್ಲಿ ನಲ್ಲಿಯೂ ಬೇಕು. ನಲ್ಲಿ ಕೆಟ್ಟಿದ್ದರೆ ಕೆರೆ ತುಂಬಿದ್ದೂ ವ್ಯರ್ಥ. ದೂರವೈದ್ಯದಲ್ಲಿ ಆ ನಲ್ಲಿಯ ಸ್ಥಾನದಲ್ಲಿರುವವಳು ನಿಮ್ಮ ಊರಿನ ಆರೋಗ್ಯ ಕಾರ್ಯಕರ್ತೆ.

ಇದು ನಿನ್ನೆ ಮೊನ್ನೆಯ ಮಾತಲ್ಲ

ಆಕಾಶದ ಮೂಲಕ ಹಳ್ಳಿಗೆ ತಿಳಿವಳಿಕೆಯನ್ನು ಕಳುಹಿಸುವ ಪ್ರಯತ್ನ ನಮ್ಮ ನಾಡಿಗೆ ಹೊಸದಲ್ಲ. 1975ರ ಆಗಸ್ಟ್‌ನಿಂದ 1976ರ ಜುಲೈವರೆಗೆ, ಕರ್ನಾಟಕವೂ ಸೇರಿದಂತೆ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಉಪಗ್ರಹದ ಮೂಲಕ ದೂರದರ್ಶನ ಕಾರ್ಯಕ್ರಮಗಳನ್ನು ತೋರಿಸಲಾಯಿತು. ಬೇಸಾಯ, ಆರೋಗ್ಯ, ಕುಟುಂಬ ಯೋಜನೆ ಮೊದಲಾದ ವಿಷಯಗಳು ಅದರಲ್ಲಿದ್ದವು. ಆದರೆ ಆ ಪೆಟ್ಟಿಗೆ ಮಾತನಾಡುತ್ತಿತ್ತೇ ಹೊರತು ಹಳ್ಳಿಗರ ಮಾತನ್ನು ಕೇಳಿಸಿಕೊಳ್ಳುತ್ತಿರಲಿಲ್ಲ.

2002ರ ಹೊತ್ತಿಗೆ ಮಾತು ಎರಡೂ ಕಡೆಗೆ ಹರಿಯತೊಡಗಿತು. ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯ ನೆರವಿನಿಂದ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯನ್ನೂ ಹೆಗ್ಗಡದೇವನಕೋಟೆ ಸೀಮೆಯ ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಯನ್ನೂ ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಉಪಗ್ರಹದ ಮೂಲಕ ಜೋಡಿಸಲಾಯಿತು. ಆ ಸಂಸ್ಥೆಯ ಕೇಂದ್ರ ಕಛೇರಿಯಾದ ಅಂತರಿಕ್ಷ ಭವನವು ಹೆಬ್ಬಾಳ, ಯಶವಂತಪುರಗಳಿಗೆ ದೂರವಲ್ಲದ ನ್ಯೂ ಬಿ.ಇ.ಎಲ್. ರಸ್ತೆಯಲ್ಲಿಯೇ ಇದೆ. ಕಾಡಂಚಿನ ಊರಿನ ರೋಗಿಯ ಹೃದಯದ ರೇಖಾಚಿತ್ರವನ್ನು ಬೆಂಗಳೂರಿನ ತಜ್ಞರು ಕುಳಿತಲ್ಲಿಯೇ ನೋಡುವಂತಾಯಿತು.

2019ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರವು ಇ-ಸಂಜೀವನಿ ಎಂಬ ವ್ಯವಸ್ಥೆಯನ್ನು ಆರಂಭಿಸಿತು. ಇದರಲ್ಲಿ ಉಪಕೇಂದ್ರದ ಸಮುದಾಯ ಆರೋಗ್ಯ ಅಧಿಕಾರಿಯು ರೋಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ದೂರದ ವೈದ್ಯರೊಡನೆ ಮಾತನಾಡಬಹುದು. ಕೊರೋನಾ ಪಿಡುಗಿನ ಕಾಲದಲ್ಲಿ, 2020ರ ಏಪ್ರಿಲ್‌ನಲ್ಲಿ, ರೋಗಿಗಳು ಮನೆಯಿಂದಲೇ ನೇರವಾಗಿ ವೈದ್ಯರನ್ನು ಕಾಣುವ ಮತ್ತೊಂದು ಶಾಖೆಯೂ ತೆರೆಯಿತು. ಅದಕ್ಕೆ ಕೆಲವೇ ದಿನಗಳ ಮುಂಚೆ, 2020ರ ಮಾರ್ಚ್ 25ರಂದು, ದೂರವೈದ್ಯವನ್ನು ಹೇಗೆ ನಡೆಸಬೇಕೆಂಬ ನಿಯಮಗಳು ಪ್ರಕಟವಾದವು. ಆರೋಗ್ಯ ಕಾರ್ಯಕರ್ತೆಯ ಮೂಲಕ ನಡೆಯುವ ಸಮಾಲೋಚನೆಗೂ ಆ ನಿಯಮಗಳಲ್ಲಿ ಸ್ಥಾನವಿದೆ.

ಎಳೆಗೂಸಿನ ಕಣ್ಣಿನ ಕಥೆ

ತರಬೇತಿಯ ಬೆಲೆಯೇನೆಂಬುದನ್ನು ತಿಳಿಯಲು ನಮ್ಮ ರಾಜ್ಯದ್ದೇ ಆದ ಒಂದು ನಿದರ್ಶನವನ್ನು ಹೇಳುತ್ತೇನೆ. ಇದನ್ನು ಮಕ್ಕಳನ್ನು ಬಯಸುವ ಪ್ರತಿಯೊಬ್ಬ ದಂಪತಿಗಳೂ ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ತಿಂಗಳು ತುಂಬುವ ಮೊದಲೇ ಹುಟ್ಟಿದ ಶಿಶುವಿನ ಕಣ್ಣಿನ ಒಳಪದರದಲ್ಲಿ ರಕ್ತನಾಳಗಳು ಪೂರ್ತಿಯಾಗಿ ಬೆಳೆದಿರುವುದಿಲ್ಲ. ಹುಟ್ಟಿದ ನಂತರ ಅವು ಕೆಲವೊಮ್ಮೆ ಅಡ್ಡಾದಿಡ್ಡಿಯಾಗಿ ಬೆಳೆದು, ಒಳಪದರವನ್ನೇ ಎಳೆದು ಕಿತ್ತುಬಿಡುತ್ತವೆ. ಹಾಗಾದರೆ ಮಗು ಜೀವಮಾನಪರ್ಯಂತ ಕುರುಡಾಗುತ್ತದೆ. ಹೊರಗಿನಿಂದ ನೋಡಿದರೆ ಕಣ್ಣು ಸರಿಯಾಗಿಯೇ ಕಾಣುತ್ತದೆ. ತಾಯಿಗೆ ಯಾವ ಸುಳಿವೂ ಸಿಗುವುದಿಲ್ಲ. ಆದರೆ ಕಾಲಕ್ಕೆ ಸರಿಯಾಗಿ ಕಂಡುಹಿಡಿದು ಲೇಸರ್ ಚಿಕಿತ್ಸೆ ನೀಡಿದರೆ ಬಹುತೇಕ ಮಕ್ಕಳ ದೃಷ್ಟಿಯನ್ನು ಉಳಿಸಬಹುದು. ಇಂತಹ ಎಳೆಯ ಕಣ್ಣನ್ನು ಪರೀಕ್ಷಿಸಬಲ್ಲ ತಜ್ಞರು ದೊಡ್ಡ ನಗರಗಳಲ್ಲಿದ್ದಾರೆಯೇ ಹೊರತು ತಾಲ್ಲೂಕುಗಳಲ್ಲಿಲ್ಲ.

ಯಶವಂತಪುರಕ್ಕೆ ಸಮೀಪದ ರಾಜಾಜಿನಗರದಲ್ಲಿರುವ ನಾರಾಯಣ ನೇತ್ರಾಲಯವು 2008ರಲ್ಲಿ ಇದಕ್ಕೊಂದು ಉಪಾಯವನ್ನು ಹೂಡಿತು. ಕಿಡ್‌ರಾಪ್ ಎಂದು ಅದರ ಹೆಸರು. ಡಾ. ಆನಂದ್ ವಿನೇಕರ್ ಅವರ ನೇತೃತ್ವದಲ್ಲಿ, ವೈದ್ಯರಲ್ಲದ ತಂತ್ರಜ್ಞರಿಗೆ ಎಳೆಗೂಸಿನ ಕಣ್ಣಿನ ಒಳಭಾಗದ ಚಿತ್ರ ತೆಗೆಯುವ ಶಿಕ್ಷಣವನ್ನು ಕೊಡಲಾಯಿತು. ಅವರು ಕ್ಯಾಮರಾ ಯಂತ್ರವನ್ನು ವಾಹನದಲ್ಲಿಟ್ಟುಕೊಂಡು ಬೆಂಗಳೂರಿನ ಹೊರಗಿನ ಜಿಲ್ಲೆಗಳ ಆಸ್ಪತ್ರೆಗಳಿಗೆ ಹೋದರು. ಅಲ್ಲಿಂದ ಕಳುಹಿಸಿದ ಚಿತ್ರವನ್ನು ತಜ್ಞರು ತಮ್ಮ ದೂರವಾಣಿಯ ಪರದೆಯ ಮೇಲೆಯೇ ನೋಡಿ ಅಭಿಪ್ರಾಯ ಹೇಳಿದರು. ಮುಂದೆ ರಾಜ್ಯದ ಗ್ರಾಮೀಣ ಆರೋಗ್ಯ ಅಭಿಯಾನವೂ ಇದರೊಡನೆ ಕೈಜೋಡಿಸಿತು.

ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ಕ್ಯಾಮರಾವನ್ನು ಹಣ ಕೊಟ್ಟರೆ ಕೊಳ್ಳಬಹುದು. ಆದರೆ ಅಳುವ ಪುಟ್ಟ ಶಿಶುವನ್ನು ನೋಯಿಸದೆ ಹಿಡಿಯುವ ಕೈ, ಮಸುಕಾದ ಚಿತ್ರವನ್ನು ಕಳುಹಿಸದೆ ಮತ್ತೊಮ್ಮೆ ತೆಗೆಯುವ ತಾಳ್ಮೆ, ಯಾವ ಮಗುವಿಗೆ ತ್ವರೆಯ ಚಿಕಿತ್ಸೆ ಬೇಕೆಂದು ಗುರುತಿಸುವ ಕಣ್ಣು, ಇವುಗಳನ್ನು ಅಂಗಡಿಯಲ್ಲಿ ಕೊಳ್ಳಲಾಗದು. ಅವು ಶಿಕ್ಷಣದಿಂದಲೇ ಬರತಕ್ಕವು.

ನೀವು ನೆನಪಿಡಬೇಕಾದುದು ಇಷ್ಟು: ನಿಮ್ಮ ಮಗು 34 ವಾರಗಳಿಗಿಂತ ಮುಂಚೆ ಹುಟ್ಟಿದ್ದರೆ ಅಥವಾ ಹುಟ್ಟಿದಾಗ 2 ಕಿಲೋಗ್ರಾಂಗಿಂತ ಕಡಿಮೆ ತೂಕವಿದ್ದರೆ, 30 ದಿನಗಳೊಳಗಾಗಿ ಅದರ ಕಣ್ಣಿನ ಪರೀಕ್ಷೆ ಆಗಲೇಬೇಕು. ತೀರ ಚಿಕ್ಕ ಶಿಶುವಾದರೆ ಇನ್ನೂ ಬೇಗ ಆಗಬೇಕು. ಯಾರೂ ಹೇಳದಿದ್ದರೆ ನೀವೇ ಕೇಳಿರಿ. ಬಾಣಂತನದ ನಲವತ್ತು ದಿನ ಕಳೆಯಲಿ ಎಂದು ಕಾಯುವಂತಿಲ್ಲ.

ನಾನು ಮಾಡಿದ ತಪ್ಪು

ಇನ್ನು ಕಾರ್ಯಕರ್ತೆಯರ ವಿಚಾರಕ್ಕೆ ಬರುತ್ತೇನೆ. ಇಲ್ಲಿ ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ.

ಕೆಲವು ವರ್ಷಗಳ ಹಿಂದೆ ನಾನು ಒಂದು ತಂಡಕ್ಕೆ ತರಬೇತಿ ನೀಡಿದೆ. ಅರ್ಧ ದಿನದಲ್ಲಿ ಎಲ್ಲವನ್ನೂ ಮುಗಿಸಿದೆ. ಈ ಗುಂಡಿ ಒತ್ತಿದರೆ ಇದಾಗುತ್ತದೆ, ಆ ಗುಂಡಿ ಒತ್ತಿದರೆ ಅದಾಗುತ್ತದೆ ಎಂದು ಹೇಳಿದೆ. ಎಲ್ಲರೂ ತಲೆಯಾಡಿಸಿದರು, ನಾನು ತೃಪ್ತಿಯಿಂದ ಮನೆಗೆ ಬಂದೆ. ಮೂರು ತಿಂಗಳ ನಂತರ ಒಂದು ಉಪಕೇಂದ್ರಕ್ಕೆ ಹೋದಾಗ ಯಂತ್ರವು ಬೀರುವಿನಲ್ಲಿತ್ತು. ಬಟ್ಟೆಯಲ್ಲಿ ಸುತ್ತಿ, ಧೂಳು ತಾಗದಂತೆ, ಪೂಜಾ ಸಾಮಗ್ರಿಯಷ್ಟು ಶುಚಿಯಾಗಿ ಇಟ್ಟಿದ್ದರು. ಒಂದು ಸಲವೂ ಬಳಸಿರಲಿಲ್ಲ.

ನಾನು ಸಿಟ್ಟಾದೆ. ಆಗ ಆ ಸೋದರಿ ತಗ್ಗಿದ ದನಿಯಲ್ಲಿ ಹೀಗೆಂದಳು: ‘ಹದಿನೈದು ವರ್ಷದಿಂದ ಈ ಊರಿನವರು ನನ್ನನ್ನು ಕೇಳಿ ಔಷಧಿ ತೆಗೆದುಕೊಳ್ಳುತ್ತಾರೆ. ಅವರ ಮುಂದೆ ಇದನ್ನು ತೆರೆದು, ನನಗೆ ಬಾರದೆ ತಡವರಿಸಿದರೆ ನನ್ನ ಮರ್ಯಾದೆ ಏನಾಗಬೇಕು? ಎಲ್ಲವನ್ನೂ ದೂರದ ಡಾಕ್ಟರರೇ ಹೇಳುವುದಾದರೆ ನಾನೇಕೆ ಬೇಕು?’

ಆ ಎರಡು ಪ್ರಶ್ನೆಗಳಿಗೆ ಅಂದು ನನ್ನಲ್ಲಿ ಉತ್ತರವಿರಲಿಲ್ಲ. ನಾನು ಗುಂಡಿಗಳನ್ನು ಕಲಿಸಿದ್ದೆ, ಕಾರಣವನ್ನು ಕಲಿಸಿರಲಿಲ್ಲ. ಜಿ.ಕೆ.ವಿ.ಕೆ.ಯ ಕೃಷಿ ಮೇಳಕ್ಕೆ ನಿಮ್ಮಲ್ಲಿ ಅನೇಕರು ಹೋಗಿರುತ್ತೀರಿ. ಹೊಸ ತಳಿಯ ಬೀಜವನ್ನು ಮಾತು ಕೇಳಿ ಯಾವ ರೈತನೂ ಬಿತ್ತುವುದಿಲ್ಲ. ಪ್ರಾತ್ಯಕ್ಷಿಕೆಯ ತಾಕಿನಲ್ಲಿ ಪೈರನ್ನು ಕಣ್ಣಾರೆ ನೋಡಿ, ತೆನೆಯನ್ನು ಕೈಯಲ್ಲಿ ಹಿಡಿದು, ನಷ್ಟವಾದರೆ ಯಾರು ಹೊಣೆಯೆಂದು ಕೇಳಿ, ಆಮೇಲೆ ಒಪ್ಪುತ್ತಾನೆ. ಕಾರ್ಯಕರ್ತೆಯೂ ಹಾಗೆಯೇ. ಆಕೆಯ ಸಂಶಯವು ಅಜ್ಞಾನವಲ್ಲ. ಜವಾಬ್ದಾರಿಯುಳ್ಳವರಿಗೆ ಇರಬೇಕಾದ ಎಚ್ಚರಿಕೆ ಅದು.

ಈಗ ಹೇಗೆ ಕಲಿಸುತ್ತೇವೆ?

ಈಗ ನಾವು ಮೊದಲ ದಿನ ಯಂತ್ರವನ್ನು ಮುಟ್ಟುವುದೇ ಇಲ್ಲ. ಕಾರ್ಯಕರ್ತೆಯರು ತಮ್ಮ ಅಂಜಿಕೆಗಳನ್ನು ಹೇಳುತ್ತಾರೆ, ನಾವು ಕೇಳುತ್ತೇವೆ. ಕೆಲಸ ಹೆಚ್ಚಾಗುತ್ತದೆ, ಇಂಗ್ಲಿಷು ಬಾರದು, ತಪ್ಪಾದರೆ ನಮ್ಮ ತಲೆಗೆ ಬರುತ್ತದೆ, ಹೆಂಗಸರು ಪರದೆಯ ಮುಂದೆ ಮಾತನಾಡಲು ನಾಚುತ್ತಾರೆ ಎಂಬ ಮಾತುಗಳು ಹೊರಬರುತ್ತವೆ. ಇವೆಲ್ಲವೂ ನಿಜವಾದ ತೊಡಕುಗಳೇ. ಅವುಗಳಿಗೆ ಒಂದೊಂದಾಗಿ ಪರಿಹಾರ ಹುಡುಕಬೇಕು.

ಎರಡನೆಯ ದಿನ ಮೂವರು ಮೂವರ ಗುಂಪು ಮಾಡುತ್ತೇವೆ. ಒಬ್ಬಳು ರೋಗಿ, ಒಬ್ಬಳು ಕಾರ್ಯಕರ್ತೆ, ಮತ್ತೊಬ್ಬಳು ಪಕ್ಕದ ಕೋಣೆಯಲ್ಲಿ ವೈದ್ಯೆ. ವೈದ್ಯೆಯಾದವಳಿಗೆ ರೋಗಿಯನ್ನು ಮುಟ್ಟಲಾಗುವುದಿಲ್ಲ, ಜ್ವರವನ್ನು ಕೈಯಿಂದ ನೋಡಲಾಗುವುದಿಲ್ಲ. ಆಗ ಆಕೆಗೆ ಥಟ್ಟನೆ ಅರಿವಾಗುತ್ತದೆ: ದೂರದ ವೈದ್ಯರಿಗೆ ಕೈಯೂ ಮೂಗೂ ಇಲ್ಲ, ಅವು ತಾನೇ ಆಗಿದ್ದೇನೆ ಎಂದು. ‘ನಾನೇಕೆ ಬೇಕು?’ ಎಂಬ ಪ್ರಶ್ನೆಗೆ ಅಲ್ಲಿಯೇ ಉತ್ತರ ದೊರೆಯುತ್ತದೆ. ನಾಡಿಯನ್ನು ಎಣಿಸುವವಳು ಆಕೆ. ರಕ್ತದೊತ್ತಡವನ್ನು ಅಳೆಯುವವಳು ಆಕೆ. ಮನೆಯಲ್ಲಿ ಅಕ್ಕಿ ಇದೆಯೋ ಇಲ್ಲವೋ, ಅತ್ತೆ ಮಾತ್ರೆ ನುಂಗಲು ಬಿಡುತ್ತಾಳೋ ಇಲ್ಲವೋ ಎಂಬುದನ್ನು ಬಲ್ಲವಳೂ ಆಕೆಯೇ.

ಮೂರನೆಯ ದಿನ ಬೇಕೆಂದೇ ಯಂತ್ರವನ್ನು ಕೆಡಿಸುತ್ತೇವೆ. ಸಂಪರ್ಕ ಕಡಿದುಹೋದರೆ, ವಿದ್ಯುತ್ ನಿಂತರೆ, ದನಿ ಕೇಳಿಸದಿದ್ದರೆ ಏನು ಮಾಡಬೇಕು? ದೃಶ್ಯ ಹೋದರೆ ದೂರವಾಣಿ, ಅದೂ ಆಗದಿದ್ದರೆ ರೋಗಿಯನ್ನು ಆಸ್ಪತ್ರೆಗೆ ಕಳುಹಿಸುವ ಚೀಟಿ. ಅಲ್ಲಿ ಎಲ್ಲರ ಮುಂದೆ ಎಲ್ಲರೂ ತಪ್ಪು ಮಾಡುತ್ತಾರೆ, ನಾನೂ ಮಾಡುತ್ತೇನೆ. ತಪ್ಪು ಮಾಡಿ ನಕ್ಕವರಿಗೆ ಮತ್ತೆ ಅಂಜಿಕೆಯಿರುವುದಿಲ್ಲ. ಕೊನೆಯದಾಗಿ, ಆಕೆಯ ಉಪಕೇಂದ್ರಕ್ಕೆ ನಾವೇ ಹೋಗಿ, ಮೊದಲ ಕೆಲವು ಸಮಾಲೋಚನೆಗಳಲ್ಲಿ ಪಕ್ಕದಲ್ಲಿ ಕುಳಿತಿರುತ್ತೇವೆ.

ಕಲಿಯುವುದು ಕಾರ್ಯಕರ್ತೆಯರಿಗೆ ಮಾತ್ರ ಬಂದ ಹೊರೆಯೆಂದು ಭಾವಿಸಬೇಡಿರಿ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ನಮ್ಮ ರಾಜ್ಯದ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಇದೇ ಮಾರ್ಗದಿಂದ ಮನೋರೋಗಗಳ ಚಿಕಿತ್ಸೆಯನ್ನು ಕಲಿಸಿದೆ. ಹಳ್ಳಿಯ ವೈದ್ಯರು ತಮ್ಮ ರೋಗಿಯನ್ನು ನೋಡುತ್ತಿರುವಾಗಲೇ ಬೆಂಗಳೂರಿನ ಮನೋವೈದ್ಯರು ಪರದೆಯ ಮೂಲಕ ಜೊತೆಗಿದ್ದು ತಿದ್ದುವ ಕ್ರಮವದು. ವೈದ್ಯರೇ ಶಿಷ್ಯರಾಗಿ ಕುಳಿತಿರುವಾಗ ಕಾರ್ಯಕರ್ತೆಗೆ ಕಲಿಯಲು ಸಂಕೋಚವೇಕೆ? ನಿಮಗೆ ಕೇಳಲು ಸಂಕೋಚವೇಕೆ?

ಒಳ್ಳೆಯ ಸಮಾಲೋಚನೆಯ ಲಕ್ಷಣಗಳು

ಸರಿಯಾಗಿ ತರಬೇತಿ ಹೊಂದಿದ ಕಾರ್ಯಕರ್ತೆಯ ಬಳಿ ಹೋದಾಗ ನೀವು ಈ ಕೆಳಗಿನವುಗಳನ್ನು ನಿರೀಕ್ಷಿಸಬಹುದು.

ಮೊದಲನೆಯದಾಗಿ, ಆಕೆ ನಿಮ್ಮ ಒಪ್ಪಿಗೆಯನ್ನು ಕೇಳಬೇಕು. ಒಪ್ಪದಿರುವುದು ನಿಮ್ಮ ಹಕ್ಕು. ಒಪ್ಪದವರನ್ನು ನೇರವಾಗಿ ವೈದ್ಯರ ಬಳಿಗೆ ಕಳುಹಿಸಬೇಕು.

ಎರಡನೆಯದಾಗಿ, ಬಾಗಿಲು ಮುಚ್ಚಿ ಅಥವಾ ಪರದೆ ಎಳೆದು ಏಕಾಂತವನ್ನು ಕಲ್ಪಿಸಬೇಕು. ಆ ಕಡೆಯ ಕೋಣೆಯಲ್ಲಿ ವೈದ್ಯರಲ್ಲದೆ ಬೇರೆ ಯಾರಿದ್ದಾರೆಂದು ಕೇಳಬಹುದು.

ಮೂರನೆಯದಾಗಿ, ವೈದ್ಯರು ತಮ್ಮ ಹೆಸರನ್ನು ತಿಳಿಸಬೇಕು. ಔಷಧಿ ಚೀಟಿಯಲ್ಲಿ ಅವರ ನೋಂದಣಿ ಸಂಖ್ಯೆ ಇರಬೇಕು. ನಿಯಮಗಳ ಪ್ರಕಾರ ಯಂತ್ರವು ತಾನೇ ಔಷಧಿಯನ್ನು ಬರೆಯುವಂತಿಲ್ಲ. ಬರೆಯತಕ್ಕವರು ನೋಂದಾಯಿತ ವೈದ್ಯರೇ. ಕೆಲವು ಔಷಧಿಗಳನ್ನು, ಮುಖ್ಯವಾಗಿ ಚಟ ಹಿಡಿಸುವಂತಹ ಮಾದಕ ಔಷಧಿಗಳನ್ನು, ಹೀಗೆ ಬರೆಯಲು ಅನುಮತಿಯೇ ಇಲ್ಲ.

ನಾಲ್ಕನೆಯದಾಗಿ, ಮಾತು ಮುಗಿದ ಮೇಲೆ ವೈದ್ಯರ ಸಲಹೆಯನ್ನು ಕಾರ್ಯಕರ್ತೆಯು ನಿಮ್ಮ ಮಾತಿನಲ್ಲಿ ಮತ್ತೆ ಹೇಳಬೇಕು. ನೀವು ಅದನ್ನು ಆಕೆಗೆ ತಿರುಗಿ ಒಪ್ಪಿಸಬೇಕು. ಯಾವ ಮಾತ್ರೆ, ದಿನಕ್ಕೆಷ್ಟು, ಊಟಕ್ಕೆ ಮುಂಚೆಯೋ ನಂತರವೋ, ಮತ್ತೆ ಯಾವಾಗ ಬರಬೇಕು, ಯಾವ ಲಕ್ಷಣ ಕಂಡರೆ ಕಾಯಬಾರದು, ಈ ಐದನ್ನು ತಿಳಿಯದೆ ಹೊರಡಬೇಡಿರಿ.

ಕಾಯಬಾರದ ಸಂದರ್ಭಗಳು

ದೂರವೈದ್ಯವು ಎಲ್ಲಕ್ಕೂ ಮದ್ದಲ್ಲ. ಬಸುರಿಯ ಹೊಟ್ಟೆಯನ್ನು ಮುಟ್ಟಿಯೇ ನೋಡಬೇಕು. ಹೆರಿಗೆ ಆಸ್ಪತ್ರೆಯಲ್ಲಿಯೇ ಆಗಬೇಕು. ವಂಕಿ ಹಾಕುವುದೂ ಶಸ್ತ್ರಚಿಕಿತ್ಸೆಯೂ ಪರದೆಯ ಮೂಲಕ ಆಗತಕ್ಕವಲ್ಲ. ರಕ್ತಸ್ರಾವ, ಸೆಳವು, ಉಸಿರಾಟದ ಕಷ್ಟ, ಎದೆನೋವು, ಹಾವು ಕಚ್ಚಿದುದು, ವಿಷ ಸೇವನೆ, ಹಾಲು ಕುಡಿಯದೆ ಮಂಕಾಗಿರುವ ಎಳೆಗೂಸು, ಇವುಗಳಲ್ಲಿ ಯಾವುದಿದ್ದರೂ ಮೊದಲು 108ಕ್ಕೆ ಕರೆ ಮಾಡಿರಿ.

ಒಂದು ಸಂದರ್ಭವನ್ನು ಕಲ್ಪಿಸಿಕೊಳ್ಳೋಣ. ಎಂಟು ತಿಂಗಳ ಬಸುರಿಯೊಬ್ಬಳಿಗೆ ಮಧ್ಯಾಹ್ನ ತಲೆನೋವು. ಬಿಸಿಲಿಗೆ ಬಂದಿರಬೇಕು, ಮಜ್ಜಿಗೆ ಕುಡಿದು ಮಲಗು ಎಂದು ಮನೆಯವರು ಹೇಳುತ್ತಾರೆ. ಕಣ್ಣು ಮಂಜಾಗುತ್ತಿದೆ ಎಂದು ಆಕೆ ಯಾರಿಗೂ ಹೇಳಿಲ್ಲ. ಕಾರ್ಯಕರ್ತೆ ಬಂದು ರಕ್ತದೊತ್ತಡ ನೋಡುತ್ತಾಳೆ. ಅದು 140/90ನ್ನು ಮೀರಿದೆ. ಮುಖ ಮತ್ತು ಕೈ ಊದಿವೆ. ಇದು ಬಸಿರಿನ ನಂಜಿನ ಲಕ್ಷಣ. ತಡಮಾಡಿದರೆ ಸೆಳವು ಬಂದು ತಾಯಿ ಮಗು ಇಬ್ಬರ ಪ್ರಾಣಕ್ಕೂ ಕುತ್ತಾಗಬಹುದು. ತರಬೇತಿಯಿಲ್ಲದವಳು ಪರದೆಯ ಮುಂದೆ ವೈದ್ಯರಿಗಾಗಿ ಕಾಯುತ್ತ ಕೂರುತ್ತಾಳೆ. ತರಬೇತಿ ಪಡೆದವಳು ಮೊದಲು ವಾಹನವನ್ನು ಕರೆಸಿ, ವಾಹನ ಬರುವಷ್ಟರಲ್ಲಿ ವೈದ್ಯರೊಡನೆ ಮಾತನಾಡಿ, ಆಸ್ಪತ್ರೆಯವರು ಸಿದ್ಧರಾಗಿರುವಂತೆ ನೋಡಿಕೊಳ್ಳುತ್ತಾಳೆ. ಯಂತ್ರವನ್ನು ಬಳಸುವುದು ಒಂದು ವಿದ್ಯೆ; ಅದನ್ನು ಯಾವಾಗ ಬದಿಗಿಡಬೇಕೆಂದು ತಿಳಿಯುವುದು ಅದಕ್ಕಿಂತ ದೊಡ್ಡ ವಿದ್ಯೆ.

ದಂಪತಿಗಳಿಗೆ ಇದರಿಂದೇನು ಪ್ರಯೋಜನ?

ಎರಡು ಮಕ್ಕಳ ನಡುವೆ ಅಂತರವಿಡಲು ಇಂದು ಹಲವು ಸಾಧನಗಳಿವೆ. ಮೂರು ತಿಂಗಳಿಗೊಮ್ಮೆ ಪಡೆಯುವ ಅಂತರ ಚುಚ್ಚುಮದ್ದು ಇದೆ. ಮೊದಲ ಮೂರು ತಿಂಗಳು ವಾರಕ್ಕೆ ಎರಡು ಸಲ, ಅನಂತರ ವಾರಕ್ಕೊಮ್ಮೆ ನುಂಗುವ ಛಾಯಾ ಮಾತ್ರೆ ಇದೆ. ವಂಕಿ, ನಿರೋಧ್ ಮೊದಲಾದವು ಇದ್ದೇ ಇವೆ. ಅನೇಕ ಸೋದರಿಯರು ಇವುಗಳನ್ನು ಆರಂಭಿಸಿ, ಮುಟ್ಟು ಏರುಪೇರಾದ ಕೂಡಲೇ ಗಾಬರಿಯಿಂದ ಬಿಟ್ಟುಬಿಡುತ್ತಾರೆ. ಬಯಸದ ಬಸಿರು ನಿಲ್ಲುತ್ತದೆ. ಆ ಗಾಬರಿಯ ದಿನವೇ ಉಪಕೇಂದ್ರದಲ್ಲಿ ಕುಳಿತು ವೈದ್ಯರನ್ನು ಕೇಳಿದ್ದರೆ, ಇದು ಸಾಮಾನ್ಯವೋ ಅಪಾಯವೋ, ಬೇರೆ ಸಾಧನ ಬೇಕೋ ಎಂಬುದು ತಿಳಿಯುತ್ತಿತ್ತು.

ಪುರುಷರಿಗೂ ಇದು ಅನ್ವಯಿಸುತ್ತದೆ. ಗಾಯದ ಹೊಲಿಗೆಯಿಲ್ಲದ ಪುರುಷ ಸಂತಾನಹರಣ ಚಿಕಿತ್ಸೆಯ ಬಗ್ಗೆ ಊರಿನವರ ಮುಂದೆ ಕೇಳಲು ನಾಚುವ ಸೋದರರು ಬಾಗಿಲು ಮುಚ್ಚಿದ ಕೋಣೆಯಲ್ಲಿ ವೈದ್ಯರನ್ನೇ ಕೇಳಬಹುದು. ಅದರಿಂದ ಗಂಡಸುತನ ಕುಗ್ಗುವುದಿಲ್ಲ, ದುಡಿಯುವ ಶಕ್ತಿ ಇಳಿಯುವುದಿಲ್ಲ. ಚಿಕಿತ್ಸೆಯಾದ ಮೂರು ತಿಂಗಳವರೆಗೆ ಬೇರೆ ಸಾಧನವನ್ನು ಬಳಸಿ, ವೀರ್ಯಪರೀಕ್ಷೆ ಮಾಡಿಸಿಕೊಳ್ಳಬೇಕೆಂಬುದನ್ನು ಮಾತ್ರ ಮರೆಯಬಾರದು.

ಹೆರಿಗೆಯ ನಂತರ ಕೆಲವು ತಾಯಂದಿರು ಕಾರಣವಿಲ್ಲದೆ ಅಳುತ್ತಾರೆ, ಮಗುವಿನ ಮೇಲೆ ಮನಸ್ಸಿಡಲಾರರು, ನಿದ್ರೆ ಮಾಡಲಾರರು. ಇದು ಗಾಳಿಯೂ ಅಲ್ಲ, ಮಾಟವೂ ಅಲ್ಲ. ಚಿಕಿತ್ಸೆಯಿಂದ ಗುಣವಾಗುವ ಮನಸ್ಸಿನ ಕಾಯಿಲೆ. 2022ರ ಅಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನದಂದು, ಟೆಲಿ-ಮಾನಸ್ ಎಂಬ ಸೇವೆ ಆರಂಭವಾಯಿತು. ಅದಕ್ಕೆ ಮಾರ್ಗದರ್ಶನ ಮಾಡುವ ಮುಖ್ಯ ಕೇಂದ್ರವು ನಮ್ಮ ನಿಮ್ಹಾನ್ಸ್. 14416ಕ್ಕೆ ಕರೆ ಮಾಡಿದರೆ ಹಗಲು ರಾತ್ರಿಯೆನ್ನದೆ, ಹಣವಿಲ್ಲದೆ, ಕನ್ನಡದಲ್ಲಿಯೇ ಮಾತನಾಡಬಹುದು.

ಸೋದರರಲ್ಲಿ ಒಂದು ವಿಶೇಷ ಬಿನ್ನಹ. ಹೆಂಡತಿಯನ್ನು ಪರದೆಯ ಮುಂದೆ ಕೂರಿಸಿ, ಅವಳಿಗೆ ಬದಲಾಗಿ ನೀವೇ ಉತ್ತರ ಹೇಳಬೇಡಿರಿ. ನೋವು ಅವಳದು, ಮಾತೂ ಅವಳದಾಗಲಿ. ಸ್ವಲ್ಪ ಹೊತ್ತು ಹೊರಗೆ ನಿಂತು ಮಗುವನ್ನು ಎತ್ತಿಕೊಳ್ಳಿರಿ. ಅವಳು ಕರೆದಾಗ ಒಳಗೆ ಬಂದು ಸಲಹೆಯನ್ನು ಜೊತೆಯಾಗಿ ಕೇಳಿರಿ. ಎಷ್ಟೋ ಕಾಯಿಲೆಗಳು ಹೊರಬೀಳುವುದು ಆ ಐದು ನಿಮಿಷದ ಏಕಾಂತದಲ್ಲಿಯೇ.

ಕೊನೆಯ ಮಾತು

ಬೀರುವಿನಲ್ಲಿ ಯಂತ್ರವನ್ನು ಸುತ್ತಿಟ್ಟಿದ್ದ ಆ ಸೋದರಿಯ ಬಳಿಗೆ ನಾನು ಮತ್ತೆ ಹೋದೆ. ಈ ಸಲ ಕಲಿಸಲು ಹೋಗದೆ, ಪಕ್ಕದಲ್ಲಿ ಕುಳಿತುಕೊಳ್ಳಲು ಹೋದೆ. ಮೊದಲ ಸಮಾಲೋಚನೆಯಲ್ಲಿ ಆಕೆಯ ಕೈ ನಡುಗಿತು. ಎರಡು ಸಲ ಸಂಪರ್ಕ ಕಡಿಯಿತು. ಅಲ್ಲಿದ್ದ ಅಜ್ಜಿಯೊಬ್ಬರು, ‘ನಿಧಾನವಾಗಿ ಮಾಡವ್ವ, ನಮಗೇನೂ ಅವಸರವಿಲ್ಲ’ ಎಂದರು. ಆ ಒಂದು ಮಾತಿನಿಂದ ಆಕೆಗೆ ಬಂದ ಧೈರ್ಯವು ನನ್ನ ಅರ್ಧ ದಿನದ ಉಪನ್ಯಾಸದಿಂದ ಬಂದಿರಲಿಲ್ಲ.

ಆದಕಾರಣ ಸಹೋದರ ಸಹೋದರಿಯರೇ, ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟೇ. ನಿಮ್ಮ ಊರಿನ ಕಾರ್ಯಕರ್ತೆ ಹೊಸ ವಿದ್ಯೆಯನ್ನು ಕಲಿಯುತ್ತಿದ್ದಾಳೆ. ಆಕೆ ತಡವರಿಸಿದರೆ ನಗಬೇಡಿರಿ. ಆಕೆ ಕೇಳುವ ಪ್ರಶ್ನೆಗಳಿಗೆ ಮರೆಮಾಚದೆ ಉತ್ತರ ಕೊಡಿರಿ. ಆಕೆ ಒಪ್ಪಿಗೆಯನ್ನು ಕೇಳದಿದ್ದರೆ, ಬಾಗಿಲು ಮುಚ್ಚದಿದ್ದರೆ, ವಿನಯದಿಂದ ನೆನಪಿಸಿರಿ. ದೂರದ ವೈದ್ಯರ ಅರಿವೂ ಹತ್ತಿರದ ಕಾರ್ಯಕರ್ತೆಯ ಅಕ್ಕರೆಯೂ ಗಂಡಹೆಂಡಿರ ಒಮ್ಮನಸ್ಸೂ ಕೂಡಿದಲ್ಲಿ, ತಡವಾಯಿತೆಂದು ಅಳುವ ಮನೆಗಳು ಕಡಿಮೆಯಾಗುತ್ತವೆ.